ಅಜ್ಜಿ ಕೂರದ ಸೇವಂತಿಗೆ

ಇದನ್ನು ನೀವು ನಂಬುವುದಿಲ್ಲ, ಬೇಕಿದ್ದರೆ ಬರೆದುಕೊಡುತ್ತೇನೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿಗಿಂತ ಒಂದು ಗೇಣು ಮಾತ್ರ ಚಿಕ್ಕದಾದ ಸೇವಂತಿಗೆಯನ್ನು ನಾನು ಕೈಯಾರೆ ಹೊಲಿದಿದ್ದೇನೆ. ಸಾವಿರದ ಏಳುನೂರು ಎಸಳು. ಸರಿ, ನೂರಾ ಎಪ್ಪತ್ತು. ಅಜ್ಜಿ ಎಣಿಸಿದಾಗ ಅರವತ್ತೆಂಟು ಬಂತು, ಆದರೆ ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ.

ಅಜ್ಜಿ ಹೂ ಮಾರುವುದು ಅದೇ ಬಸ್ ಸ್ಟ್ಯಾಂಡಿನಲ್ಲಿ, ಅರಕಲಗೂಡು ಬಸ್ಸು ನಿಲ್ಲುವ ಕಡೆ. ಸಿಮೆಂಟು ನೆಲ, ಮೇಲೊಂದು ಗೋಣಿಚೀಲ, ಅದರ ಮೇಲೆ ಅಜ್ಜಿ. ಈ ವರ್ಷ ಸೊಂಟ ಹಿಡಿಯಿತು. ಸಂಜೆ ಮನೆಗೆ ಬಂದು ಕೂತವಳು ಮತ್ತೆ ಏಳುವಾಗ ಬರುತ್ತಿದ್ದ ಶಬ್ದಕ್ಕೆ ಪಕ್ಕದ ಮನೆಯ ನಾಯಿ ಎದ್ದು ದಾರಿ ಬಿಡುತ್ತಿತ್ತು.

ಹಾಸನದ ಗಾರ್ಮೆಂಟ್ಸ್‌ಗೆ ಹೋಗುವ ನನ್ನಮ್ಮ ಒಂದು ದಿನ ತೀರ್ಪು ಕೊಟ್ಟಳು. "ಅತ್ತೆ, ಮೆತ್ತಗಿರೋದು ಏನಾದ್ರೂ ಆಕ್ಕೊಂಡು ಕೂತ್ರೆ ಸರಿ. ಇಲ್ದಿದ್ರೆ ಸೋಮವಾರದಿಂದ ಊವಿನ ಬುಟ್ಟಿ ಅಟ್ಟಕ್ಕೆ."

ಬಸ್ ಸ್ಟ್ಯಾಂಡಿನ ಆ ಜಾಗ ಹೋದರೆ ಅಜ್ಜಿಗೆ ಉಳಿಯುವುದು ಟೀವಿ ಒಂದೇ. ಟೀವಿಯವರು ಅವಳು ಬೈದರೆ ತಿರುಗಿ ಬೈಯುವುದಿಲ್ಲ, ಅದೇ ಅವಳಿಗೆ ಬೇಜಾರು.

ನಾನು ದಿಂಬು ತಂದುಕೊಟ್ಟೆ. ಅಜ್ಜಿ ದಿಂಬನ್ನು ನೋಡದೆ ನನ್ನನ್ನೇ ನೋಡಿದಳು.

"ತಲೆ ಮಡಗೋದ್ರ ಮ್ಯಾಲೆ ಕುಂಡಿ ಮಡಗು ಅಂತೀಯೇನ್ಲಾ? ಕಾಲೇಜಲ್ಲಿ ಇದೇ ಏಳ್ಕೊಟ್ರಾ?"

ಆಗ ನನ್ನ ಬುದ್ಧಿ ಓಡಿತು. ದಿಂಬಿಗೆ ವೇಷ ಹಾಕಬೇಕು. ಫೋನಿನಲ್ಲಿ ಒಬ್ಬಾಕೆ ಫೆಲ್ಟ್ ಬಟ್ಟೆಯಲ್ಲಿ ಹೂವಿನ ಮೆತ್ತೆ ಮಾಡುವ ವಿಡಿಯೊ ನೋಡಿದೆ. ಹಾಸನದಿಂದ ಹಳದಿ ಫೆಲ್ಟ್ ತಂದೆ. ಕಂಬಳಿಯ ತಮ್ಮನಂಥ ಬಟ್ಟೆ ಅದು, ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಮದುವೆ ಕಾರ್ಡನ್ನು ಎಸಳಿನ ಆಕಾರಕ್ಕೆ ಕತ್ತರಿಸಿ ಅಳತೆಗೆ ಇಟ್ಟುಕೊಂಡೆ. ಒಂದೊಂದು ಎಸಳಿನ ಬುಡವನ್ನೂ ಚಿವುಟಿ, ಒಂದು ಹೊಲಿಗೆ ಹಾಕಿ, ದುಂಡನೆಯ ಬಟ್ಟೆಯ ಅಂಚಿನಿಂದ ನಡುವಿನವರೆಗೆ ಸುತ್ತುಸುತ್ತಾಗಿ ಕೂರಿಸಿದೆ. ಅಡಿಗೊಂದು ಬೋಳು ಬಟ್ಟೆ ಹೊಲಿದು, ದಿಂಬು ಬಿಚ್ಚಿ ಅದರ ಬೂರುಗದ ಹತ್ತಿಯನ್ನು ಒಳಗೆ ತುಂಬುವಾಗ ಎಷ್ಟು ಸೀನಿದೆನೆಂದರೆ ಹತ್ತಿ ಹೇಮಾವತಿ ಹೊಳೆ ದಾಟಿ ಹೋಯಿತು. ಸೂಜಿ ಚುಚ್ಚಿಕೊಂಡದ್ದರಲ್ಲಿ ಎರಡು ಬಾಟಲಿ ರಕ್ತ ಹೋಗಿರಬಹುದು. ಎರಡು ಹನಿಯಂತೂ ಹೋಗಿದೆ.

ಶನಿವಾರ ಸಂಜೆ ಮೆತ್ತೆಯನ್ನು ನಡುಮನೆಯ ಗೋಡೆಗೆ ಒತ್ತಿ ಇಟ್ಟು ಅಜ್ಜಿಯನ್ನು ಕರೆದೆ. ಅಮ್ಮ ಬರಲು ಇನ್ನೊಂದು ಗಂಟೆ ಇತ್ತು.

"ಏನ್ಲಾ ಇದು, ಎಲೆಕೋಸಾ?"

"ಸೇವಂತಿಗೆ ಕಣಜ್ಜಿ."

"ಮದ್ವೆ ಆಗಿ ಬಂದಾಗಿಂದ ಸೇವಂತಿಗೆ ಕಟ್ತಾ ಇವ್ನಿ. ಇಂಥದ್ದ ಕಂಡಿಲ್ಲ. ಯಾವ ಗೊಬ್ಬರ ಆಕಿದ್ಯಪ್ಪ?" ಎನ್ನುತ್ತ ಬಗ್ಗಿ ಮೊಳ ಹಾಕಿದಳು. "ಮೊಳದ ಮ್ಯಾಲೆ ನಾಕು ಬೆಳ್ಳು ಅದೆ." ಎಸಳುಗಳನ್ನು ಎಣಿಸಿದಳು. ಒಂದು ಎಸಳನ್ನು ಎಳೆದು ನೋಡಿದಳು, ಬರಲಿಲ್ಲ. ಮುಖದಲ್ಲಿ ಸಂತೋಷ ಕಂಡಿತು, ಸುಳ್ಳಲ್ಲ.

"ಕೂತ್ಕೊ ಮತ್ತೆ."

ಸಂತೋಷ ಹೋಯಿತು. "ಊವಿನ ಮ್ಯಾಲೆ ಕೂರದಾ? ಅನ್ನ ಕಣ್ಲಾ ಅದು ನಂಗೆ."

"ಬಟ್ಟೆ ಅಜ್ಜಿ."

"ಊವಿನ ಮಕ ಅದೆಯಲ್ಲ ಅದ್ಕೆ."

ನಾನು ವಕೀಲನಾಗಬೇಕಾದವನು. ಗೋಡೆಯ ಕ್ಯಾಲೆಂಡರ್ ತೋರಿಸಿದೆ. "ಲಕ್ಷ್ಮಿ ನೋಡು, ತಾವರೆ ಮೇಲೇ ಕೂತವ್ಳೆ."

"ದೊಡ್ಡಗದ್ದವಳ್ಳಿ ಗುಡೀಲಿ ನಿಂತವ್ಳೆ, ಓಗಿ ನೋಡ್ಕೊಂಡು ಬಾ. ಅವ್ಳಿಗೆ ನಾಕು ಕೈ ಅವೆ, ಕೂತ್ಲು. ನಂಗೂ ನಾಕು ಇದ್ದಿದ್ರೆ ಎಲ್ಡು ಮಾರು ಜಾಸ್ತಿ ಕಟ್ತಿದ್ದೆ."

ಮೆತ್ತೆಯನ್ನು ತಿರುಗಿಸಿ ಹಾಕಿದೆ, ಹೂವು ಕೆಳಗೆ, ಬೋಳು ಬಟ್ಟೆ ಮೇಲೆ. ಅಜ್ಜಿ ಎದೆಗೆ ಕೈ ಇಟ್ಟುಕೊಂಡಳು. "ಊವ ನೆಲಕ್ಕೆ ಬೋರಲಾಕ್ತೀಯ. ನೀನು ನನ್ ಮೊಮ್ಮಗನೇ ಅಲ್ಲ, ಓಗು." ನಾನು ತೆಪ್ಪಗೆ ಮತ್ತೆ ಅಂಗಾತ ಮಾಡಿದೆ.

ಅಜ್ಜಿ ಪಕ್ಕದ ಬರಿನೆಲದ ಮೇಲೆ, ಮುಖ ಕಿವುಚಿಕೊಂಡು, ಗೋಡೆ ಹಿಡಿದು ಕೂತಳು. ಕೂತು ಮೆತ್ತೆಯ ಎಸಳುಗಳನ್ನು ಬೆರಳಲ್ಲಿ ಸರಿಮಾಡತೊಡಗಿದಳು, ಮಾರುವ ಹೂವನ್ನು ಮಾಡುವ ಹಾಗೆ. "ಚೆನ್ನಾಗಿ ಮಾಡಿದೀಯ," ಅಂದಳು ಮೆತ್ತಗೆ. "ಕೂರಕ್ಕೆ ಮನಸ್ಸು ಬರಕಿಲ್ಲ ಮಗ. ಬುಟ್ಟಿ ಅಟ್ಟಕ್ಕೆ ಓಗ್ಲಿ ಬುಡು."

ನನ್ನ ಬಳಿ ಇನ್ನೂ ಹನ್ನೊಂದು ವಾದಗಳಿದ್ದವು. ನಿಜ ಹೇಳಬೇಕೆಂದರೆ ಒಂದೂವರೆ.

ಆಗ ಅಮ್ಮ ಬಂದಳು. ಇಡೀ ದಿನ ಮಿಷನ್ ತುಳಿದು, ಬಸ್ಸಲ್ಲಿ ನಿಂತು ಬಂದವಳು. ಬ್ಯಾಗು ಒಂದು ಕಡೆ ಎಸೆದು, ಎಲ್ಲಿ ಏನಿದೆ ಎಂದೂ ನೋಡದೆ, ನನ್ನ ಸೇವಂತಿಗೆಯ ಮೇಲೆ ದೊಪ್ಪನೆ ಕೂತು ಗೋಡೆಗೆ ಒರಗಿದಳು. ಅರವತ್ತೆಂಟೂ ಎಸಳು ಒಟ್ಟಿಗೆ ಉಸಿರು ಬಿಟ್ಟವು.

ನಾನೂ ಅಜ್ಜಿಯೂ ಮುಖ ಮುಖ ನೋಡಿಕೊಂಡೆವು. ಸಿಡಿಲು ಬೀಳಲಿಲ್ಲ. ಕ್ಯಾಲೆಂಡರ್ ಕೂಡ ಅಲ್ಲಾಡಲಿಲ್ಲ.

"ಯಾಕಂಗ್ ನೋಡ್ತೀರಾ?" ಎಂದ ಅಮ್ಮ ಕಣ್ಣು ಮುಚ್ಚಿದಳು. "ಏನಿದು, ಇಷ್ಟು ಮೆತ್ತಗದೆ. ಸೊಂಟಕ್ಕೆ ಜೀವ ಬಂತು. ಸೋಮವಾರ ಫ್ಯಾಕ್ಟ್ರಿಗೆ ತಗೊಂಡೋಯ್ತೀನಿ, ಸ್ಟೂಲ್ ಮೇಲೆ ಆಕ್ಕೊಳಕ್ಕೆ."

ಅಜ್ಜಿ ಗೋಡೆ ಹಿಡಿದು ಎದ್ದಳು. ಈ ಸಲ ಶಬ್ದವೇ ಬರಲಿಲ್ಲ.

"ಏಳವ್ವ ಅತ್ಲಾಗೆ. ಅದು ನಂದು, ಬಸ್ ಸ್ಟ್ಯಾಂಡಲ್ಲಿ ಕೂರಕ್ಕೆ."