ಪಂಕಜಾಳ ರೊಟ್ಟಿ

ಕೆಲಸ ಕಳೆದುಕೊಂಡ ಹೆಂಗಸರಿಗಾಗಿ ಮಾಟುಂಗದ ಕನ್ನಡ ಸಂಘವೊಂದು ರೊಟ್ಟಿ ಬಡಿಯುವ ತರಬೇತಿ ಇಟ್ಟಾಗ, ಮನೆಯಲ್ಲೇ ಕುಳಿತಿದ್ದ ವಿಜಯಪುರದ ದಾನವ್ವ ಬಿದ್ದು ಬಿದ್ದು ನಕ್ಕಿದ್ದಳು. "ರೊಟ್ಟಿ ಬಡಿಯಾಕ ನನಗ ಕ್ಲಾಸಾ?"

ಹೋದವಳು ಪಕ್ಕದ ಮನೆಯ ಪಂಕಜಾ, ಮೈಸೂರಿನವಳು. ಅವಳ ಹಿಟ್ಟು ಬಿರುಕು ಬಿಟ್ಟಾಗ ದಾನವ್ವನೇ ಕನಿಕರಪಟ್ಟು, ಕುದಿಯುವ ನೀರು ಹಾಕಿ ನಾದಬೇಕು, ಉಪ್ಪು ಮಾತ್ರ ಸೋಕಿಸಬಾರದು ಎಂದು ಹೇಳಿಕೊಟ್ಟಳು.

ಸಂಘದವರು ಪಂಕಜಾಳಿಗೆ ಕ್ಯಾಂಟೀನಿನಲ್ಲಿ ಕೆಲಸ ಕೊಡಿಸಿದರು. ಬೆಳಿಗ್ಗೆ ಅವಳು ಲೋಕಲ್ ರೈಲು ಹಿಡಿಯಲು ಓಡುವುದನ್ನು ಕಂಡರೆ ಸಾಕು, ದಾನವ್ವನ ಹೊಟ್ಟೆ ಉರಿಯುತ್ತಿತ್ತು.

ಭಾನುವಾರ ಪಂಕಜಾ ಬಿಸಿ ರೊಟ್ಟಿ ತಂದಳು. "ಹೇಗಿದೆ ಹೇಳಿ, ದಾನವ್ವಾ."

ತೆಳ್ಳಗಿತ್ತು, ಅಂಚು ಎಲ್ಲೂ ಒಡೆದಿರಲಿಲ್ಲ. ದಾನವ್ವ ತಿರುವಿ ತಿರುವಿ ನೋಡಿ, ಇಡೀ ರೊಟ್ಟಿ ತಿಂದು ಮುಗಿಸಿ, ಮುಖ ಸಿಂಡರಿಸಿದಳು.

"ಇದಕ್ಕ ಉಪ್ಪೇ ಹಾಕಿಲ್ಲಲ್ಲ ನೀ!"