ಗಂಗಮ್ಮನ ಬೇವಿನ ಮರದ ಚಾಣ

“ಇದಾ? ನಮ್ ಹೊಲದ ಬೇವಿನ ಗಿಡದಾಗ ದಿನಾ ಕುಂದ್ರತದಲ್ರೀ!”

ವಡ್ಡು ಗ್ರಾಮದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಗಂಗಮ್ಮ, ನನ್ನ ಹಕ್ಕಿ ಪುಸ್ತಕದಲ್ಲಿದ್ದ ಕೆಂಪು ತಲೆಯ ಚಾಣದ ಚಿತ್ರ ನೋಡಿ ಹಾಗೆಂದಾಗ ನಾನು ನಂಬಲಿಲ್ಲ. ಹಂಪಿಯ ಸುತ್ತ, ಕಂಪ್ಲಿಯ ಗದ್ದೆಗಳಲ್ಲಿ ಮೊದಲು ಸಲೀಸಾಗಿ ಕಾಣುತ್ತಿದ್ದ ಈ ಪುಟ್ಟ ಬೇಟೆಹಕ್ಕಿ ನಾಲ್ಕು ವರ್ಷಗಳಿಂದ ನನ್ನ ದುರ್ಬೀನಿಗೆ ಸಿಕ್ಕಿರಲಿಲ್ಲ.

ಆದರೂ ಅವರ ಹಿಂದೆ ಹೊಲಕ್ಕೆ ಹೋದೆ. ಬೇವಿನ ತುದಿಯಲ್ಲಿ ಚಾಣ ಕುಳಿತೇ ಇತ್ತು! ಖುಷಿಗಿಂತ ಮೊದಲು ನನಗೆ ಹೊಟ್ಟೆ ಉರಿಯಿತು. ಬಿಸಿಲಲ್ಲಿ ಅಷ್ಟು ಅಲೆದವನು ನಾನು. ಈಕೆಗೋ ಮೆಣಸಿನಕಾಯಿ ಬಿಡಿಸುತ್ತ ತಲೆಯೆತ್ತಿದರೆ ಸಾಕು.

“ನೀವು ಭಾಳ ಪುಣ್ಯವಂತರು ಬಿಡ್ರಿ,” ಎಂದೆ, ಸ್ವಲ್ಪ ಬಿಗುವಾಗಿಯೇ.

ಗಂಗಮ್ಮ ಮರದಿಂದ ಕಣ್ಣು ತೆಗೆಯಲಿಲ್ಲ. “ಹೋದ್ ವರ್ಷ ಜೋಡಿ ಇದ್ವುರೀ. ಅದ್ರಾಗ ಸಣ್ಣದು, ಗಂಡು, ಈ ಸಲ ಬರ್ಲೇ ಇಲ್ಲ. ದಿನಾ ದಾರಿ ನೋಡಾಕತ್ತೀನಿ.”

ವಾಪಸು ಬಸ್ಸಿನಲ್ಲಿ ಟಿಪ್ಪಣಿ ಪುಸ್ತಕ ತೆರೆದು, ಹಿಗ್ಗಿನಿಂದ ‘ಚಾಣ: ಒಂದು’ ಎಂದು ಬರೆದೆ. ಗಂಗಮ್ಮನ ಲೆಕ್ಕದಲ್ಲಿ ಅವತ್ತೂ ಒಂದು ಕಡಿಮೆಯೇ ಇತ್ತು. ಒಂದು ಹಕ್ಕಿ ಬರಲಿಲ್ಲವೆಂದು ಗೊತ್ತಾಗುವಷ್ಟು ಹತ್ತಿರದಿಂದ ಅದನ್ನು ಬಲ್ಲ ಅವರ ಮೇಲೆ ನನಗೆ ಇಂದಿಗೂ ಹೊಟ್ಟೆಕಿಚ್ಚು.