ಎಲೆ ಉದುರಿಸಿದ ಆರೋಪ

ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆರು ಋತುಗಳ ಹೆಸರು ಹೇಳು ಎಂದರೆ ಈಗಲೂ ಹೇಮಂತಕ್ಕೂ ಶಿಶಿರಕ್ಕೂ ನಡುವೆ ತೊದಲುತ್ತೇನೆ. ನನ್ನ ಕಸಬರಿಗೆಗೆ ಮಾತ್ರ ಋತುಗಳೆಲ್ಲ ಚೆನ್ನಾಗಿ ಗೊತ್ತು. ಶ್ರಾವಣದಲ್ಲಿ ಅದು ಮೂಲೆ ಹಿಡಿದು ನಿದ್ದೆ ಮಾಡುತ್ತದೆ. ಮಾಘ ಬಂತೆಂದರೆ ಹದಿನೈದು ದಿನದಲ್ಲಿ ಸವೆದು ಮೊಂಡಾಗುತ್ತದೆ.

ನಮ್ಮೂರ ಪಾರ್ಕಿನ ಮಾಲಿ ನಾನು. ಅಲ್ಲಿಯ ಹೊಂಗೆ, ಬೇವು, ಬಾದಾಮಿ ಗಿಡಗಳೆಲ್ಲ ನಾನು ಕೊಡದಲ್ಲಿ ನೀರು ಹೊತ್ತು ಬೆಳೆಸಿದವು. ಒಂದು ಮಾಘದಲ್ಲಿ, ವಾಕಿಂಗಿಗೆ ಬರುವ ದೊಡ್ಡ ಮನುಷ್ಯರು ಪುರಸಭೆಯ ಹೊಸ ಸಾಹೇಬರಿಗೆ ಅರ್ಜಿ ಕೊಟ್ಟರು: ಪಾರ್ಕು ತುಂಬ ತರಗೆಲೆ, ಮಾಲಿ ಸೋಮಾರಿ. ಹೊಟ್ಟೆ ಕರಗಿಸಲು ಮೂರು ಸುತ್ತು ಹಾಕಿ, ಗೇಟಿನಲ್ಲಿ ನಾಲ್ಕು ಮಿರ್ಚಿ ತಿಂದು, ಎಣ್ಣೆ ಕಾಗದ ಪಾರ್ಕಿನೊಳಗೆ ಎಸೆದು ಹೋಗುವವರು ಇವರೇ. ಆ ಕಾಗದದ ಕಸದ ಬಗ್ಗೆ ಅರ್ಜಿಯಲ್ಲಿ ಒಂದಕ್ಷರ ಇರಲಿಲ್ಲ.

ನೋಟಿಸು ಬಂತು. ‘ಎಲೆಗಳು ಉದುರಿರುವುದಕ್ಕೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಕೆಲಸದಿಂದ ತೆಗೆಯಲಾಗುವುದು.’ ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಸೋಮಾರಿ ಎನ್ನಿಸಿಕೊಂಡು ಹೋಗುವುದು ನನ್ನಿಂದಾಗದ ಮಾತು. ಎರಡು ದಿನ ಪೆನ್ನು ಹಿಡಿದು ಕೂತೆ. ಹೆಂಡತಿಗೆ ನಗು.

“ಉದುರಿಸಿದ್ದು ಗಿಡ. ನೋಟಿಸು ಗಿಡಕ್ಕ ಕೊಡ್ಲಿ. ನೀ ಯಾಕ ಬೆವರ್ತೀ?”

ಮೂರನೆಯ ದಿನ ಬರಿಗೈಯಲ್ಲಿ ಆಫೀಸಿಗೆ ಹೋದೆ. ಸಾಹೇಬರ ಕುರ್ಚಿಯ ಹಿಂದೆ ದೊಡ್ಡ ಕ್ಯಾಲೆಂಡರು. ಯಾವುದೋ ಪರದೇಶದ ಪಾರ್ಕು, ಮೊಣಕಾಲುದ್ದ ಕೆಂಪು, ಹಳದಿ ಎಲೆ. ಎದುರು ಕೂತವರಿಗೆ ಸಾಹೇಬರು ಅದನ್ನೇ ತೋರಿಸುತ್ತಿದ್ದರು. “ನೋಡ್ರಿ, ನಿಸರ್ಗ ಅಂದ್ರ ಇದು! ಕಣ್ಣಿಗೆ ಹಬ್ಬ!” ಆಮೇಲೆ ನನ್ನ ಕಡೆ ತಿರುಗಿದರು. “ಏನಪಾ, ಉತ್ತರ ಎಲ್ಲಿ?”

“ಸಾಹೇಬ್ರ, ಆ ಪಾರ್ಕಿನ ಮಾಲಿ ಏನು ಉತ್ತರ ಬರದು ಕೊಟ್ಟಾನೋ, ನಂದೂ ಅದೇ ಅಂತ ತಿಳ್ಕಳ್ರಿ.”

ಎದುರು ಕೂತವರು ಕೆಮ್ಮಿದಂತೆ ಮಾಡಿ ನಕ್ಕರು. ಸಾಹೇಬರು ಕ್ಯಾಲೆಂಡರು ನೋಡಿದರು, ನನ್ನನ್ನು ನೋಡಿದರು, ನೋಟಿಸಿನ ನಕಲನ್ನು ಡ್ರಾಯರಿಗೆ ತಳ್ಳಿದರು. ಅದು ಮತ್ತೆ ಹೊರಗೆ ಬರಲಿಲ್ಲ.

ಯುಗಾದಿ ಹೊತ್ತಿಗೆ ಹೊಂಗೆಯೆಲ್ಲ ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಚಿಗುರಿತು. ಸಾಹೇಬರು ಬಂದು, ಆ ದೊಡ್ಡ ಮನುಷ್ಯರ ಎದುರೇ ನನ್ನ ಬೆನ್ನು ತಟ್ಟಿದರು. “ಭೇಷ್! ಎಂಥಾ ಹಸಿರು ಮಾಡೀಯಪಾ ಪಾರ್ಕನ್ನ!”

ಎಲೆ ಉದುರಿದ್ದು ನನ್ನ ಕೆಲಸವಲ್ಲ ಎಂದವನು, ಚಿಗುರಿದ್ದೂ ನನ್ನ ಕೆಲಸವಲ್ಲ ಎನ್ನಬೇಕಿತ್ತು. ಎದೆ ಸೆಟೆಸಿ ಹೇಳಿದೆ: “ಭಾಳ ದುಡದೀನ್ರಿ ಸಾಹೇಬ್ರ.”

ಆಗಲೇ ಬಾದಾಮಿ ಗಿಡದಲ್ಲಿ ಉದುರದೆ ಉಳಿದಿದ್ದ ಒಂದು ಕೆಂಪೆಲೆ ಕಳಚಿ ನನ್ನ ಹೆಗಲ ಮೇಲೆ ಬಿತ್ತು. ಯಾರೂ ನೋಡುವ ಮೊದಲೇ ಅದನ್ನು ಜೇಬಿಗೆ ಸೇರಿಸಿದೆ.